ತಿಪ್ಪೆಯ ಘಾಟು, ಆಲೆಮನೆಯ ಬೂದಿ, ಒಂದಿಷ್ಟು ಇದ್ದಿಲು

ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಮೋನಿಯಾ ಬಾಟಲಿಯ ಮುಚ್ಚಳ ತೆಗೆದಾಗ ಮೂಗಿಗೆ ಹೊಡೆಯುವ ಘಾಟು ನಮಗೆಲ್ಲ ಗೊತ್ತು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಯವರಾದರೆ ಅದೇ ಘಾಟು ಇನ್ನೆರಡು ಕಡೆಯೂ ಪರಿಚಯ ಇರುತ್ತೆ. ಬೆಳಗಿನ ಜಾವ ಕೊಟ್ಟಿಗೆ ಬಾಗಿಲು ತೆಗೆದಾಗ ಒಂದು, ಬಿಸಿಬಿಸಿ ತಿಪ್ಪೆಯನ್ನು ಮಗುಚಿದಾಗ ಇನ್ನೊಂದು. ಹೊಗೆಯಾಡುತ್ತಿದ್ದರೆ ಗೊಬ್ಬರ ಚೆನ್ನಾಗಿ ಕಾದಿದೆ ಅಂತಾರೆ. ಅದು ನಿಜವೇ. ಆದರೆ ಘಾಟು ಬರ್ತಿದೆ ಅಂದರೆ ಗೊಬ್ಬರದಲ್ಲಿ ಇರಬೇಕಾಗಿದ್ದ ಸಾರಜನಕ ಗಾಳಿಗೆ ಹೋಗುತ್ತಿದೆ ಅಂತಲೂ ಅರ್ಥ. ಸಂಶೋಧನೆಗಳಲ್ಲಿ ಅಳೆದಿರುವ ಪ್ರಕಾರ ಕಾಂಪೋಸ್ಟ್ ಮಾಡುವಾಗ ಮೊದಲಿದ್ದ ಸಾರಜನಕದಲ್ಲಿ ಶೇ. 20ರಿಂದ ಹಿಡಿದು ಶೇ. 60-70ರವರೆಗೂ ಕಳೆದುಹೋಗಬಹುದು. ಇದರಲ್ಲಿ ಬಹುಪಾಲು ಹೋಗೋದು ಅಮೋನಿಯಾ ಅನಿಲವಾಗಿ.

ಇದನ್ನು ತಡೆಯೋಕೆ ಇತ್ತೀಚೆಗೆ ತುಂಬಾ ಕೇಳಿಬರುವ ಹೆಸರು ಬಯೋಚಾರ್. ಹೆಸರು ಹೊಸದು, ವಸ್ತು ಹಳೆಯದು. ಕೃಷಿ ತ್ಯಾಜ್ಯವನ್ನು ಗಾಳಿ ಹೆಚ್ಚು ಸಿಗದಂತೆ ಸುಮಾರು 350ರಿಂದ 700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದಾಗ ಉಳಿಯುವ ಇದ್ದಿಲು, ಅಷ್ಟೇ. ಅದನ್ನು ಒಲೆಗೆ ಹಾಕದೆ ಮಣ್ಣಿಗೆ ಹಾಕಿದರೆ ಬಯೋಚಾರ್ ಅಂತಾರೆ. ಇದು ನಿಜಕ್ಕೂ ಕೆಲಸ ಮಾಡುತ್ತಾ, ಮಾಡಿದರೂ ಮಂಡ್ಯದ ರೈತನಿಗೆ ಲೆಕ್ಕ ಕೂಡುತ್ತಾ ಅಂತ ನೋಡೋಣ. ಎರಡೂ ಬೇರೆ ಬೇರೆ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಬಹುಮಟ್ಟಿಗೆ ಹೌದು. ಎರಡನೆಯದಕ್ಕೆ ಹೌದು ಅನ್ನೋಕೆ ಮುಂಚೆ ಸ್ವಲ್ಪ ಕೂಡಿ ಕಳೆಯಬೇಕು.

ಮೊದಲು ತಿಪ್ಪೆಯೊಳಗೆ ಏನಾಗುತ್ತೆ ನೋಡಿ. ಸಗಣಿ, ಗಂಜಲ, ಸೊಪ್ಪುಸದೆಗಳಲ್ಲಿರುವ ಪ್ರೋಟೀನು ಮತ್ತು ಯೂರಿಯಾವನ್ನು ಸೂಕ್ಷ್ಮಜೀವಿಗಳು ಒಡೆದಾಗ ಅಮೋನಿಯಂ ಅಯಾನು ಹುಟ್ಟುತ್ತೆ. ಅಮೋನಿಯಂಗೆ ಧನ ವಿದ್ಯುದಂಶ ಇದೆ. ಅದು ನೀರಿನಲ್ಲಿ ಕರಗಿರುತ್ತೆ, ಎಲ್ಲೂ ಹಾರಿಹೋಗಲ್ಲ. ಆದರೆ ಒಂದು ಪ್ರೋಟಾನ್ ಕಳೆದುಕೊಂಡರೆ ಅದೇ ಅಮೋನಿಯಾ ಅನಿಲ. ಈ ಎರಡರ ನಡುವಿನ ಸಮತೋಲನವನ್ನು ತೀರ್ಮಾನಿಸೋದು ಎರಡೇ ಸಂಗತಿ: ಪಿಎಚ್ ಮತ್ತು ಉಷ್ಣತೆ. 25 ಡಿಗ್ರಿಯಲ್ಲಿ ಅಮೋನಿಯಂನ ಪಿಕೆಎ 9.25. 60 ಡಿಗ್ರಿಗೆ ಬಂದಾಗ ಅದು ಸುಮಾರು 8.3ಕ್ಕೆ ಇಳಿಯುತ್ತೆ. ಫಸ್ಟ್ ಇಯರ್‌ನಲ್ಲಿ ಓದಿದ ಹೆಂಡರ್ಸನ್-ಹ್ಯಾಸೆಲ್‌ಬಾಲ್ಕ್ ಸಮೀಕರಣಕ್ಕೆ ಈ ಅಂಕಿ ಹಾಕಿ. ಪಿಎಚ್ 8.5 ಇದ್ದಾಗ 25 ಡಿಗ್ರಿಯಲ್ಲಿ ಒಟ್ಟು ಅಮೋನಿಯಂ-ಅಮೋನಿಯಾದ ಶೇ. 15ರಷ್ಟು ಮಾತ್ರ ಅಮೋನಿಯಾ ರೂಪದಲ್ಲಿರುತ್ತೆ. ಅದೇ ಪಿಎಚ್‌ನಲ್ಲಿ 60 ಡಿಗ್ರಿಗೆ ಹೋದರೆ ಶೇ. 62. ಪಿಎಚ್ 7.5ಕ್ಕೆ ಇಳಿಸಿದರೆ 60 ಡಿಗ್ರಿಯಲ್ಲೂ ಶೇ. 14 ದಾಟಲ್ಲ.

ಚೆನ್ನಾಗಿ ಕಾದ ತಿಪ್ಪೆಯ ಒಳಗಿನ ಉಷ್ಣತೆ 55ರಿಂದ 65 ಡಿಗ್ರಿ, ಪಿಎಚ್ 8ರಿಂದ 9. ಅಂದರೆ ಕಳೆಬೀಜ, ರೋಗಾಣು ಸಾಯಲಿ ಅಂತ ನಾವು ಬಯಸುವ ಆ ಬಿಸಿ ದಿನಗಳಲ್ಲೇ ಸಾರಜನಕಕ್ಕೆ ಬಾಗಿಲು ತೆರೆದಿರುತ್ತೆ. ಮಗುಚಿದಾಗ ಒಳಗೆ ಕಟ್ಟಿಕೊಂಡಿದ್ದ ಅನಿಲ ಒಮ್ಮೆಗೇ ಹೊರಗೆ. ಘಾಟು ಬರೋದು ಆಗಲೇ.

ಈಗ ಇದೇ ಸಮೀಕರಣದಲ್ಲಿ ಪಿಎಚ್ 9.5 ಅಂತ ಹಾಕಿ ನೋಡಿ. 60 ಡಿಗ್ರಿಯಲ್ಲಿ ಶೇ. 94 ಅಮೋನಿಯಾ! 9.5 ಎಲ್ಲಿಂದ ಬರುತ್ತೆ ಅಂತೀರಾ? ಒಲೆಯ ಬೂದಿಯಿಂದ.

ಬೂದಿ ಬೇರೆ, ಇದ್ದಿಲು ಬೇರೆ

ನಮ್ಮ ಕಡೆ ಒಲೆ ಬೂದಿಯನ್ನೆಲ್ಲ ತಿಪ್ಪೆಗೆ ಸುರಿಯೋದು ವಾಡಿಕೆ. ಆಲೆಮನೆ ಇದ್ದರಂತೂ ಕೇಳಲೇಬೇಡಿ. ಕಬ್ಬಿನ ಸಿಪ್ಪೆ ಉರಿಸಿ ಬೆಲ್ಲ ಕಾಯಿಸಿದ ಮೇಲೆ ಉಳಿಯುವ ಬೂದಿ ರಾಶಿಗಟ್ಟಲೆ. ಬೂದಿಯಲ್ಲಿ ಪೊಟ್ಯಾಸಿಯಂ, ಕ್ಯಾಲ್ಸಿಯಂಗಳ ಕಾರ್ಬೋನೇಟ್, ಆಕ್ಸೈಡ್‌ಗಳಿರುತ್ತವೆ. ಹಿಂದೆ ಪಾತ್ರೆ ಉಜ್ಜೋಕೆ, ಬಟ್ಟೆ ಒಗೆಯೋಕೆ ಬೂದಿ ಬಳಸುತ್ತಿದ್ದುದೇ ಅದು ಕ್ಷಾರ ಅನ್ನುವ ಕಾರಣಕ್ಕೆ. ಆ ಕ್ಷಾರವನ್ನು ಹಸಿ ಸಗಣಿ, ಗಂಜಲದ ಮೇಲೆ ಸುರಿದರೆ ಅಮೋನಿಯಂನ ಪ್ರೋಟಾನ್ ಕಿತ್ತು ಅದನ್ನು ಗಾಳಿಗೆ ಅಟ್ಟಿದ ಹಾಗೆ. ಲ್ಯಾಬಿನಲ್ಲಿ ಅಮೋನಿಯಂ ಲವಣಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಕಾಯಿಸುವ ಪರೀಕ್ಷೆ ನೆನಪಿದೆಯಲ್ಲ, ತಿಪ್ಪೆಯಲ್ಲಿ ನಡೆಯೋದೂ ಅದೇ.

ಬೂದಿಯ ಪೊಟ್ಯಾಷ್ ಒಳ್ಳೆಯದೇ. ಅದನ್ನು ತೆಂಗಿನ ಬುಡಕ್ಕೆ ನೇರವಾಗಿ ಹಾಕಲಿ, ಅಥವಾ ಗೊಬ್ಬರ ಪೂರ್ತಿ ಮಾಗಿ ತಣ್ಣಗಾದ ಮೇಲೆ ಬೆರೆಸಲಿ. ಕಾಯುತ್ತಿರುವ ತಿಪ್ಪೆಗೆ ಮಾತ್ರ ಬೇಡ.

ಇದ್ದಿಲಿನ ಕಥೆ ಬೇರೆ. ಬೂದಿ ಅಂದರೆ ಇಂಗಾಲವೆಲ್ಲ ಉರಿದುಹೋಗಿ ಉಳಿದ ಖನಿಜ. ಇದ್ದಿಲು ಅಂದರೆ ಇಂಗಾಲವೇ ಉಳಿದ ಅಸ್ಥಿಪಂಜರ. ಗಿಡದ ಜೀವಕೋಶಗಳ ಗೋಡೆ ಹಾಗೇ ಉಳಿದು, ಒಳಗಿನ ಆವಿಯೆಲ್ಲ ಹೊರಟುಹೋಗಿ, ಸಣ್ಣ ದೊಡ್ಡ ರಂಧ್ರಗಳ ಜಾಲ ಆಗಿರುತ್ತೆ. ಆ ರಂಧ್ರಗಳ ಗೋಡೆ ಮೇಲೆ ಕಾರ್ಬಾಕ್ಸಿಲ್, ಫೀನಾಲ್‌ನಂಥ ಆಮ್ಲೀಯ ಗುಂಪುಗಳಿರುತ್ತವೆ. ಇವು ಪ್ರೋಟಾನ್ ಬಿಟ್ಟುಕೊಟ್ಟು ಅಮೋನಿಯಂ ಅಯಾನನ್ನು ಹಿಡಿದುಕೊಳ್ಳುತ್ತವೆ. ಜೊತೆಗೆ ಇದ್ದಿಲು ತಿಪ್ಪೆಯನ್ನು ಸಡಿಲವಾಗಿಡುತ್ತೆ, ಗಾಳಿ ಆಡುತ್ತೆ, ಹೆಚ್ಚಿನ ನೀರನ್ನು ಹೀರಿಕೊಳ್ಳುತ್ತೆ. ಒದ್ದೆಯಾಗಿ ಗಟ್ಟಿಯಾದ ತಿಪ್ಪೆಯಲ್ಲಿ ಆಮ್ಲಜನಕ ಸಾಲದೆ ಹುಟ್ಟುವ ನೈಟ್ರಸ್ ಆಕ್ಸೈಡ್ ಕೂಡ ಇದರಿಂದ ಕಡಿಮೆಯಾಗುತ್ತೆ. ನೂರು ವರ್ಷದ ಲೆಕ್ಕದಲ್ಲಿ ಆ ಅನಿಲ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತೆ ಅನ್ನೋದು ನೆನಪಿರಲಿ.

2010ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗವನ್ನು ಈ ವಿಷಯದಲ್ಲಿ ಎಲ್ಲರೂ ಉದಾಹರಿಸುತ್ತಾರೆ. ಕೋಳಿ ಗೊಬ್ಬರಕ್ಕೆ ಶೇ. 20ರಷ್ಟು ಪೈನ್ ಮರದ ಬಯೋಚಾರ್ ಬೆರೆಸಿ ಕಾಂಪೋಸ್ಟ್ ಮಾಡಿದಾಗ ಹೊರಬರುವ ಅಮೋನಿಯಾದ ಸಾಂದ್ರತೆ ಶೇ. 64ರವರೆಗೆ, ಒಟ್ಟು ಸಾರಜನಕ ನಷ್ಟ ಶೇ. 52ರವರೆಗೆ ಕಡಿಮೆಯಾಯಿತು. ‘ರವರೆಗೆ’ ಅನ್ನುವ ಪದ ಗಮನಿಸಿ, ಅದು ಅತ್ಯುತ್ತಮ ಫಲಿತಾಂಶ. ಕೋಳಿ ಗೊಬ್ಬರದಲ್ಲಿ ಸಾರಜನಕ ತುಂಬಾ ಹೆಚ್ಚು, ಹಾಗಾಗಿ ಕಳೆದುಕೊಳ್ಳೋಕೂ ಹೆಚ್ಚು, ಉಳಿಸೋಕೂ ಹೆಚ್ಚು. ಕಬ್ಬಿನ ತರಗು ತುಂಬಿದ ನಮ್ಮ ತಿಪ್ಪೆಗೆ ಇದೇ ಅಂಕಿ ಅಂಟಿಸೋಕೆ ಆಗಲ್ಲ. 2015 ಮತ್ತು 2017ರಲ್ಲಿ ಬಂದ ಜರ್ಮನ್ ತಂಡಗಳ ಅಧ್ಯಯನಗಳು ಇನ್ನೊಂದು ವಿಷಯ ತೋರಿಸಿದವು: ಕಾಂಪೋಸ್ಟ್ ಜೊತೆ ಮಾಗಿದ ಬಯೋಚಾರ್ ಅಮೋನಿಯಂ ಅಷ್ಟೇ ಅಲ್ಲ, ನೈಟ್ರೇಟನ್ನೂ ತನ್ನ ರಂಧ್ರಗಳಲ್ಲಿ ಹಿಡಿದಿಡುತ್ತೆ, ಮತ್ತು ಅದರ ಮೇಲೆ ತೆಳುವಾದ ಸಾವಯವ ಲೇಪನ ಕೂರುತ್ತೆ. ಅದಕ್ಕೇ ಹಸಿ ಇದ್ದಿಲನ್ನು ನೇರ ಹೊಲಕ್ಕೆ ಸುರಿಯೋದಕ್ಕಿಂತ ತಿಪ್ಪೆಯ ಮೂಲಕ ಹಾಯಿಸೋದು ಒಳ್ಳೆಯದು ಅಂತಾರೆ.

ಒಂದು ಎಚ್ಚರಿಕೆ. ಇದ್ದಿಲಿನಲ್ಲೂ ಸ್ವಲ್ಪ ಬೂದಿ ಇದ್ದೇ ಇರುತ್ತೆ, ಹೊಸ ಇದ್ದಿಲಿನ ಪಿಎಚ್ ಸಾಮಾನ್ಯವಾಗಿ 8ರಿಂದ 10. ತುಂಬಾ ಹೆಚ್ಚು ಉಷ್ಣತೆಯಲ್ಲಿ ಮಾಡಿದ್ದಕ್ಕೆ ಮೇಲ್ಮೈ ವಿಸ್ತೀರ್ಣ ಜಾಸ್ತಿ, ಆದರೆ ಆಮ್ಲೀಯ ಗುಂಪು ಕಡಿಮೆ, ಪಿಎಚ್ ಹೆಚ್ಚು. ಅಮೋನಿಯಂ ಹಿಡಿಯೋಕೆ ಮಧ್ಯಮ ಉಷ್ಣತೆಯದೇ ವಾಸಿ. ಅರ್ಧ ಬೂದಿಯಾದ ಇದ್ದಿಲು ಹಾಕಿದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ.

ಬೆಂಗಳೂರಿನಲ್ಲೇ ಹುಟ್ಟಿದ ಇನ್ನೊಂದು ಉತ್ತರ

ಕಾಂಪೋಸ್ಟಿನ ಸಾರಜನಕ ನಷ್ಟ ಇವತ್ತಿನ ತಲೆನೋವಲ್ಲ. ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ 1924ರಿಂದ 1931ರ ನಡುವೆ ರೂಪಿಸಿದ ಇಂದೋರ್ ಪದ್ಧತಿಯಲ್ಲಿ ತಿಪ್ಪೆಯನ್ನು ಆಗಾಗ ಮಗುಚಬೇಕು. ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ, ಆದರೆ ಮಗುಚಿದಷ್ಟೂ ಅಮೋನಿಯಾ ಹೋಗುತ್ತೆ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಬೇರೆ ದಾರಿ ಹಿಡಿದರು. ಊರಿನ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ಮಗುಚದೆ ತಿಂಗಳುಗಟ್ಟಲೆ ಬಿಡೋದು. ಇದೇ ‘ಬೆಂಗಳೂರು ಪದ್ಧತಿ’ ಅಂತ ಪ್ರಪಂಚದ ಪಠ್ಯಪುಸ್ತಕಗಳಿಗೆ ಹೋಯಿತು. ಬಾಗಿಲು ಮುಚ್ಚಿದ್ದರಿಂದ ಸಾರಜನಕವೂ ಉಳಿಯಿತು, ಸಾವಯವ ವಸ್ತುವೂ ಉಳಿಯಿತು. ಬೆಲೆ ಏನು ಕೊಟ್ಟರು? ಸಮಯ. ಆರೇಳು ತಿಂಗಳು ಕಾಯಬೇಕು, ಗಾಳಿಯಿಲ್ಲದ ಗುಂಡಿಯಲ್ಲಿ ಮೀಥೇನ್ ಹುಟ್ಟುತ್ತೆ.

ಹಾಗೆ ನೋಡಿದರೆ ಬಯೋಚಾರ್ ಮಾಡಲು ಹೊರಟಿರೋದು ಈ ಎರಡರ ನಡುವಿನ ರಾಜಿ: ಇಂದೋರಿನ ವೇಗ ಬೇಕು, ಬೆಂಗಳೂರಿನ ಉಳಿತಾಯವೂ ಬೇಕು. ಕೂಲಿ ಆಳು ಸಿಗದ, ಅವಸರವೂ ಇಲ್ಲದ ರೈತನಿಗೆ ನನ್ನ ಪ್ರಕಾರ ಇವತ್ತಿಗೂ ಆಚಾರ್ಯರ ಮಣ್ಣಿನ ಮುಚ್ಚಳವೇ ಅಗ್ಗದ ಉಪಾಯ.

21 ರೂಪಾಯಿಯ ಲೆಕ್ಕ

ಈಗ ದುಡ್ಡಿನ ಮಾತು. 2 ಟನ್ ಹಸಿ ಸಗಣಿ, 200 ಕೆಜಿ ಒಣ ತರಗಿನ ಒಂದು ತಿಪ್ಪೆ ಅಂತಿಟ್ಟುಕೊಳ್ಳಿ. ಸಗಣಿಯಲ್ಲಿ ಶೇ. 80 ನೀರು, ಒಣ ತೂಕದಲ್ಲಿ ಶೇ. 1.8 ಸಾರಜನಕ ಅಂದುಕೊಂಡರೆ 7.2 ಕೆಜಿ. ತರಗಿನಲ್ಲಿ ಶೇ. 0.4 ಅಂದರೆ 0.8 ಕೆಜಿ. ಒಟ್ಟು 8 ಕೆಜಿ. ಇಂಗಾಲ-ಸಾರಜನಕ ಅನುಪಾತ 30ರ ಆಸುಪಾಸು ಬರುತ್ತೆ, ಒಳ್ಳೆಯ ಮಿಶ್ರಣ. (ಈ ಅನುಪಾತ ಲೆಕ್ಕ ಹಾಕುವಾಗ ಬಯೋಚಾರ್‌ನ ಇಂಗಾಲವನ್ನು ಸೇರಿಸಬೇಡಿ. ಅದನ್ನು ಸೂಕ್ಷ್ಮಜೀವಿಗಳು ತಿನ್ನಲ್ಲ, ಹಾಗಾಗಿ ಅದು ಲೆಕ್ಕಕ್ಕಿಲ್ಲ.) ಇದರಲ್ಲಿ ಶೇ. 40 ಹೋಗುತ್ತೆ ಅಂದರೆ ನಷ್ಟ 3.2 ಕೆಜಿ. ಬಯೋಚಾರ್ ಅದನ್ನು ಅರ್ಧಕ್ಕೆ ಇಳಿಸಿತು ಅಂತ ಉದಾರವಾಗಿ ಒಪ್ಪಿಕೊಳ್ಳೋಣ. ಉಳಿದದ್ದು 1.6 ಕೆಜಿ.

45 ಕೆಜಿ ಯೂರಿಯಾ ಮೂಟೆಯ ಬೆಲೆ 266 ರೂಪಾಯಿ 50 ಪೈಸೆ. ಯೂರಿಯಾದಲ್ಲಿ ಶೇ. 46 ಸಾರಜನಕ, ಅಂದರೆ ಮೂಟೆಗೆ 20.7 ಕೆಜಿ. ಕೆಜಿ ಸಾರಜನಕಕ್ಕೆ ಸುಮಾರು 13 ರೂಪಾಯಿ. ನಾವು ಇಷ್ಟೆಲ್ಲ ಕಷ್ಟಪಟ್ಟು ಉಳಿಸಿದ 1.6 ಕೆಜಿಯ ಬೆಲೆ 21 ರೂಪಾಯಿ! ಅದಕ್ಕೆ ಬೇಕಾದ ಬಯೋಚಾರ್ ಒಣ ತೂಕದ ಶೇ. 10ರಂತೆ 60 ಕೆಜಿ. ಒಣ ಕಟ್ಟಿಗೆಯ ನಾಲ್ಕನೇ ಒಂದು ಭಾಗದಷ್ಟು ಇದ್ದಿಲು ಸಿಗುತ್ತೆ ಅಂದರೂ ಸುಮಾರು 240 ಕೆಜಿ ಕಡ್ಡಿ ಸುಡಬೇಕು. ಪ್ಯಾಕೆಟ್ಟಿನಲ್ಲಿ ಬಯೋಚಾರ್ ಕೊಂಡು ತಿಪ್ಪೆಗೆ ಹಾಕಿ ಅಂತ ಯಾರಾದರೂ ಹೇಳಿದರೆ ಈ ಲೆಕ್ಕ ತೋರಿಸಿ.

‘ಹೋಗ್ಲಿ ಬಿಡಪ್ಪಾ, ಸೊಸೈಟೀಲಿ ಒಂದು ಮೂಟೆ ತಂದು ಎರಚಿದ್ರೆ ಆಯ್ತಲ್ಲ’ ಅಂತ ರೈತ ಅಂದರೆ ಅವನ ಮಾತಲ್ಲಿ ತಪ್ಪೇನಿಲ್ಲ. ಆದರೆ ಆ 266 ರೂಪಾಯಿ ಯೂರಿಯಾದ ನಿಜವಾದ ಬೆಲೆ ಅಲ್ಲ, ಸರ್ಕಾರ ಅದರ ಮೇಲೆ ಸುರಿಯುವ ಸಬ್ಸಿಡಿ ಮೂಟೆಯ ಬೆಲೆಗಿಂತ ಎಷ್ಟೋ ಪಟ್ಟು ದೊಡ್ಡದು. ಯೂರಿಯಾ ತಯಾರಿಗೆ ಬೇಕಾದ ನೈಸರ್ಗಿಕ ಅನಿಲದಲ್ಲಿ ದೊಡ್ಡ ಪಾಲು ಹೊರದೇಶದ್ದು. ಗೊಬ್ಬರ ಬೇಕಾದ ಹೊತ್ತಿಗೇ ಮೂಟೆ ಸಿಗದೆ ಸಾಲು ನಿಲ್ಲುವ ವರ್ಷಗಳೂ ಇವೆ. ಅದಿರಲಿ, ರೈತನ ಜೇಬಿನ ಲೆಕ್ಕವನ್ನು ದೇಶದ ಲೆಕ್ಕ ಹೇಳಿ ಒಪ್ಪಿಸೋಕಾಗಲ್ಲ. ಹಾಗಾದರೆ ಬಯೋಚಾರ್ ಎಲ್ಲಿ ಕೂಡುತ್ತೆ? ಇದ್ದಿಲಿಗೆ ಖರ್ಚೇ ಇಲ್ಲದ ಕಡೆ, ಮತ್ತು ಸಾರಜನಕ ರಾಶಿ ಬಿದ್ದಿರುವ ಕಡೆ.

ಸಾರಜನಕ ರಾಶಿ ಬಿದ್ದಿರೋದು ಸಗಣಿಗಿಂತ ಗಂಜಲದಲ್ಲಿ. ಒಂದು ಹಸು ದಿನಕ್ಕೆ 8 ಲೀಟರ್ ಗಂಜಲ ಹಾಕುತ್ತೆ, ಅದರಲ್ಲಿ ಶೇ. 0.8 ಸಾರಜನಕ ಅಂದುಕೊಳ್ಳಿ. ವರ್ಷಕ್ಕೆ 23 ಕೆಜಿ, ಅಂದರೆ ಒಂದು ಮೂಟೆ ಯೂರಿಯಾಕ್ಕಿಂತ ತುಸು ಹೆಚ್ಚೇ. ಅದರಲ್ಲಿ ತಿಪ್ಪೆಗೆ ಮುಟ್ಟೋದು ಎಷ್ಟು? ಕಲ್ಲು ಹಾಸಿನ ಮೇಲೆ ಹರಿದು ಚರಂಡಿಗೆ ಹೋಗೋದೇ ಜಾಸ್ತಿ. ಇಂದೋರ್ ಪದ್ಧತಿಯಲ್ಲಿ ಕೊಟ್ಟಿಗೆ ನೆಲಕ್ಕೆ ಮಣ್ಣು ಹರಡಿ ಗಂಜಲ ಇಂಗಿಸಿ, ಆ ಮಣ್ಣನ್ನೇ ತಿಪ್ಪೆಗೆ ಹಾಕುತ್ತಿದ್ದರು. ಆ ಮಣ್ಣಿನ ಜಾಗದಲ್ಲಿ ತರಗಿನ ಜೊತೆ ಒದ್ದೆ ಇದ್ದಿಲ ಪುಡಿ ಹರಡಿದರೆ ತಿಪ್ಪೆಗೆ ಹೋಗೋ ಮುಂಚೆಯೇ ಗಂಜಲ ಸಿಕ್ಕಿಕೊಳ್ಳುತ್ತೆ, ಕೊಟ್ಟಿಗೆ ವಾಸನೆಯೂ ಇಳಿಯುತ್ತೆ. ಬಯೋಚಾರ್‌ನ ಅತ್ಯಂತ ಲಾಭದ ಜಾಗ ತಿಪ್ಪೆ ಅಲ್ಲ, ಕೊಟ್ಟಿಗೆಯ ನೆಲ ಅಂತ ನನಗನ್ನಿಸೋದು ಅದಕ್ಕೇ. ರೇಷ್ಮೆ ಸಾಕುವವರ ಮನೆಯ ಹುಳುವಿನ ಹಿಕ್ಕೆ, ಕೋಳಿ ಫಾರಂ ಗೊಬ್ಬರ ಇವೂ ಸಾರಜನಕ ಹೆಚ್ಚಿರುವ ಸರಕು, ಅಲ್ಲೂ ಲೆಕ್ಕ ಬದಲಾಗುತ್ತೆ.

ಖರ್ಚಿಲ್ಲದ ಇದ್ದಿಲು ಎಲ್ಲಿ ಸಿಗುತ್ತೆ? ಹೇಗೂ ಬೆಂಕಿ ಇಟ್ಟು ಕಳೆಯುತ್ತಿರುವ ವಸ್ತುವಿನಲ್ಲಿ. ಕಬ್ಬು ಕಡಿದ ಮೇಲೆ ಎಕರೆಗೆ ಮೂರ್ನಾಲ್ಕು ಟನ್ ತರಗು ಉಳಿಯುತ್ತೆ, ಬಹಳ ಕಡೆ ಕೂಳೆ ಬೆಳೆಗೆ ಮುಂಚೆ ಅದಕ್ಕೆ ಬೆಂಕಿ. 3.5 ಟನ್‌ಗೆ ಶೇ. 0.4ರ ಲೆಕ್ಕದಲ್ಲಿ 14 ಕೆಜಿ ಸಾರಜನಕ ಅದರಲ್ಲಿರುತ್ತೆ, ಬಹುಪಾಲು ಹೊಗೆಯ ಜೊತೆ ಹೋಗುತ್ತೆ. ಹಾಗಂತ ತರಗನ್ನೆಲ್ಲ ಇದ್ದಿಲು ಮಾಡಿ ಅಂತಲ್ಲ. ಇದ್ದಿಲು ಮಾಡುವಾಗಲೂ ಸಾರಜನಕದಲ್ಲಿ ಒಳ್ಳೆಯ ಪಾಲು ಅನಿಲವಾಗಿ ಹೋಗುತ್ತೆ. ತರಗಿಗೆ ಸರಿಯಾದ ಜಾಗ ಸಾಲಿನ ನಡುವೆ ಹೊದಿಕೆಯಾಗಿ, ಇಲ್ಲವೇ ತಿಪ್ಪೆಯಲ್ಲಿ. ಇದ್ದಿಲಿಗೆ ಬೇಕಾದದ್ದು ಕೊಳೆಯೋಕೆ ಹಠ ಮಾಡುವ, ಸಾರಜನಕ ಕಡಿಮೆ ಇರುವ ಗಟ್ಟಿ ಸರಕು: ಹಿಪ್ಪುನೇರಳೆ ಕಡ್ಡಿ, ತೆಂಗಿನ ಚಿಪ್ಪು, ಗರಿಯ ದಿಂಡು, ಬೇಲಿಯ ಮುಳ್ಳುಕಂಟಿ. ಮಳವಳ್ಳಿ, ಮದ್ದೂರಿನಲ್ಲಿ ಇದಕ್ಕೆ ಬರವಿಲ್ಲ.

ಮಾಡೋದು ಕಷ್ಟವೂ ಅಲ್ಲ. ಮೇಲೆ ಅಗಲ, ಕೆಳಗೆ ಕಿರಿದಾದ ಗುಂಡಿ ತೋಡಿ ತಳದಲ್ಲಿ ಬೆಂಕಿ ಹಚ್ಚಿ, ಒಣ ಕಡ್ಡಿ ತೆಳುವಾಗಿ ಹಾಕುತ್ತಾ ಹೋಗಬೇಕು. ಮೇಲಿನ ಜ್ವಾಲೆ ಆಮ್ಲಜನಕವನ್ನೆಲ್ಲ ತಾನೇ ಬಳಸಿಕೊಂಡು ಕೆಳಗಿನ ಇದ್ದಿಲನ್ನು ಕಾಯುತ್ತೆ. ಕಡ್ಡಿಗಳ ಮೇಲೆ ಬಿಳಿ ಬೂದಿ ಕಾಣಿಸಿಕೊಳ್ಳೋಕೆ ಶುರುವಾದ ತಕ್ಷಣ ಮುಂದಿನ ಪದರ. ಗುಂಡಿ ತುಂಬಿದ ಮೇಲೆ ತಡಮಾಡದೆ ನೀರು, ಗಂಜಲ ಬೆರೆಸಿದ್ದರೆ ಇನ್ನೂ ಒಳ್ಳೆಯದು. ತಾನಾಗಿ ಆರಲಿ ಅಂತ ಬಿಟ್ಟರೆ ಬೆಳಗ್ಗೆ ಸಿಗೋದು ಬೂದಿ. ಕೈಗೆ ಹತ್ತಿದ ಮಸಿ ಬರೀ ನೀರಿಗೆ ಹೋದರೆ ಇದ್ದಿಲು ಚೆನ್ನಾಗಿ ಬೆಂದಿದೆ, ಜಿಡ್ಡು ಜಿಡ್ಡಾಗಿ ಉಳಿದರೆ ಇನ್ನೂ ಟಾರ್ ಇದೆ. ಕೆಲವು ಮಿಲಿಮೀಟರ್ ಗಾತ್ರಕ್ಕೆ ಕುಟ್ಟಿ, ಯಾವಾಗಲೂ ಒದ್ದೆ ಮಾಡಿಯೇ ಕುಟ್ಟಿ. ಒಣ ಪುಡಿ ಶ್ವಾಸಕ್ಕೆ ಕೆಟ್ಟದ್ದು, ಒಳಗೆ ಕೆಂಡ ಉಳಿದಿದ್ದರೆ ಗೋಣಿಚೀಲವೂ ಹೊತ್ತಿಕೊಳ್ಳುತ್ತೆ. ನಾಲೆ ಬಯಲಿನ ಚೌಳು ಜಮೀನಿನವರು ಮೊದಲು ಮಣ್ಣಿನ ಪಿಎಚ್ ನೋಡಿಕೊಳ್ಳಬೇಕು, ಈಗಾಗಲೇ ಕ್ಷಾರವಾಗಿರುವ ಮಣ್ಣಿಗೆ ಇನ್ನಷ್ಟು ಕ್ಷಾರ ಬೇಕಿಲ್ಲ.

ಇದಕ್ಕಿಂತ ದೊಡ್ಡ ರಾಶಿ ಕಾರ್ಖಾನೆಗಳಲ್ಲಿದೆ. 1933ರಲ್ಲಿ ಮಂಡ್ಯಕ್ಕೆ ಮೈಷುಗರ್ ಬಂದಾಗಿನಿಂದ ಈ ಜಿಲ್ಲೆಯ ಆರ್ಥಿಕತೆ ಕಬ್ಬಿನ ಸುತ್ತ ಸುತ್ತುತ್ತಿದೆ. ಮದ್ದೂರು ತಾಲ್ಲೂಕಿನ ಭಾರತೀನಗರ, ಕೊಪ್ಪದಲ್ಲೂ ಸಕ್ಕರೆ ಕಾರ್ಖಾನೆಗಳಿವೆ. ಅರೆದ ಕಬ್ಬಿನ ಶೇ. 3-4ರಷ್ಟು ಪ್ರೆಸ್‌ಮಡ್ ಬರುತ್ತೆ. ದಿನಕ್ಕೆ 5000 ಟನ್ ಅರೆಯುವ ಕಾರ್ಖಾನೆಯಾದರೆ 150ರಿಂದ 200 ಟನ್. ಅದನ್ನು ಕಾಂಪೋಸ್ಟ್ ಮಾಡೋದು ರೂಢಿ. ಅದೇ ಕಾಂಪೌಂಡಿನೊಳಗೆ ಕಬ್ಬಿನ ಸಿಪ್ಪೆ ಉರಿಸುವ ಬಾಯ್ಲರ್ ಇರುತ್ತೆ, ಅದರ ಹಾರುಬೂದಿಯಲ್ಲಿ ಪೂರ್ತಿ ಉರಿಯದ ಕಪ್ಪು ಇಂಗಾಲ ಉಳಿದಿರುತ್ತೆ. ಮಳವಳ್ಳಿಯಲ್ಲಿ ಕಬ್ಬಿನ ತರಗು, ತೆಂಗಿನ ಗರಿಯಂಥ ಹಗುರ ತ್ಯಾಜ್ಯವನ್ನೇ ಉರಿಸಿ ಕರೆಂಟ್ ಮಾಡುವ 4.5 ಮೆಗಾವ್ಯಾಟ್ ಸ್ಥಾವರ 2000ದ ದಶಕದ ಆರಂಭದಲ್ಲೇ ನಿಂತಿತ್ತು. ವಿಶ್ವಸಂಸ್ಥೆಯ ಸ್ವಚ್ಛ ಅಭಿವೃದ್ಧಿ ಯೋಜನೆಯಡಿ ಅದು ನೋಂದಣಿಯೂ ಆಗಿತ್ತು. ಇಂಥ ಹಗುರ ಸರಕು ಬಾಯ್ಲರಿನಲ್ಲಿ ಗಾಳಿಗೆ ಎದ್ದು ಅರೆಬರೆ ಉರಿದೇ ಹೊರಬೀಳುವ ಸಾಧ್ಯತೆ ಹೆಚ್ಚು. ಅಕ್ಕಿ ಗಿರಣಿಗಳ ಭತ್ತದ ಹೊಟ್ಟಿನ ಕಪ್ಪು ಬೂದಿಯದೂ ಇದೇ ಜಾತಿ.

ಈ ಕಪ್ಪು ರಾಶಿಗಳನ್ನು ಬೂದಿ ಅನ್ನಬೇಕಾ, ಇದ್ದಿಲು ಅನ್ನಬೇಕಾ? ನೋಡಿದರೆ ಹೇಳೋಕಾಗಲ್ಲ, ಅಳೆಯಬೇಕು. ನಮ್ಮ ಕಾಲೇಜಿನ ಲ್ಯಾಬುಗಳಿಗೆ ಇದು ಹೇಳಿ ಮಾಡಿಸಿದ ಕೆಲಸ. ಆಲೆಮನೆ, ಸಕ್ಕರೆ ಕಾರ್ಖಾನೆ, ಅಕ್ಕಿ ಗಿರಣಿ, ನಾವೇ ಗುಂಡಿಯಲ್ಲಿ ಸುಟ್ಟದ್ದು ಹೀಗೆ ನಾಲ್ಕು ಸ್ಯಾಂಪಲ್ ತನ್ನಿ. ಒಣಗಿಸಿ ತೂಗಿ, ಮಫಲ್ ಫರ್ನೇಸಿನಲ್ಲಿ 550 ಡಿಗ್ರಿಗೆ ತೂಕ ನಿಲ್ಲುವವರೆಗೆ ಇಟ್ಟು ಮತ್ತೆ ತೂಗಿ. ಕಳೆದ ತೂಕವೇ ಅದರಲ್ಲಿದ್ದ ಇಂಗಾಲದ ಅಂದಾಜು. ನೀರಲ್ಲಿ ಕಲಸಿ ಪಿಎಚ್ ನೋಡಿ. ಆಮೇಲೆ ಮೂರು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಒಂದೇ ಮಿಶ್ರಣದ ಕಾಂಪೋಸ್ಟ್: ಒಂದಕ್ಕೆ ಏನೂ ಬೇಡ, ಇನ್ನೊಂದಕ್ಕೆ ಒಣ ತೂಕದ ಶೇ. 10 ಇದ್ದಿಲು, ಮೂರನೆಯದಕ್ಕೆ ಅಷ್ಟೇ ಬೂದಿ. ಅಕ್ವೇರಿಯಂ ಪಂಪಿನಿಂದ ಗಾಳಿ ಕೊಟ್ಟು, ಹೊರಬರುವ ಗಾಳಿಯನ್ನು ಬೋರಿಕ್ ಆಮ್ಲದೊಳಗೆ ಹಾಯಿಸಿ, ದಿನಾ ತೆಳು ಸಲ್ಫ್ಯೂರಿಕ್ ಆಮ್ಲದಿಂದ ಟೈಟ್ರೇಟ್ ಮಾಡಿ. ಮೊದಲ ದಿನ, ಕೊನೆಯ ದಿನ ಜೆಲ್ಡಾಲ್ ವಿಧಾನದಿಂದ ಒಟ್ಟು ಸಾರಜನಕ ತಾಳೆ ನೋಡಿ. ತೂಕವೂ ಇಳಿದಿರುತ್ತೆ, ಆದ್ದರಿಂದ ಶೇಕಡಾವಾರು ಬೇಡ, ಕೆಜಿಯಲ್ಲೇ ಲೆಕ್ಕ ಇಡಿ. ಮಿಶ್ರ ಸೂಚಕ ಹಾಕಿದ ಬೋರಿಕ್ ಆಮ್ಲ ಅಮೋನಿಯಾ ಹೀರಿದಂತೆ ಕೆಂಪಿನಿಂದ ಹಸಿರಿಗೆ ತಿರುಗುತ್ತೆ. ಬೂದಿ ಹಾಕಿದ ಡ್ರಮ್ಮಿನದು ಮೊದಲು ಹಸಿರಾಗುತ್ತೆ ಅನ್ನೋದು ನನ್ನ ಬಾಜಿ. ಇದ್ದಿಲಿನ ಡ್ರಮ್ ಏನೂ ಹಾಕದ ಡ್ರಮ್ಮಿಗಿಂತ ಎಷ್ಟು ದಿನ ಹಿಂದೆ ಉಳಿಯುತ್ತೆ ಅನ್ನೋದನ್ನು ಈ ಸೆಮಿಸ್ಟರಿನಲ್ಲಿ ಯಾರಾದರೂ ಅಳೆದು, ನಮ್ಮ ಪತ್ರಿಕೆಯ ಮುಂದಿನ ಸಂಚಿಕೆಗೇ ಬರೆಯಿರಿ.